ನಗಿಸುತ್ತಲೇ ಹೃದಯ ಮುಟ್ಟಿದ ನಟ ಫೆರ್ನಾಂದೆಲ್

ಕುದುರೆಯೆಂದರೆ ಕುಣಿಗಲ್ಲಿನವರಾದ ನಮಗೆ ಹೊಸದೇನಲ್ಲ. ಟಿಪ್ಪು ಸುಲ್ತಾನನ ಕಾಲದಿಂದಲೂ ಕುದುರೆ ಸಾಕಣೆಗೆ ಹೆಸರಾದ ಊರು ನಮ್ಮದು. ಕುದುರೆಯ ಚೆಲುವನ್ನು ನಿಂತು ನೋಡುವ ನಾವೇ, ಮನುಷ್ಯನೊಬ್ಬನ ಮುಖ ಕುದುರೆಯನ್ನು ಹೋಲಿದರೆ ನಗದೆ ಇರಲಾರೆವು. ಉದ್ದನೆಯ ಮುಖ, ದಪ್ಪ ದಪ್ಪ ಹಲ್ಲುಗಳು. ಇಂಥ ರೂಪವನ್ನು ಹೊತ್ತು ಹುಟ್ಟಿದವನು ಚಲನಚಿತ್ರದ ನಾಯಕನಾದಾನೆಂದು ಯಾರು ತಾನೇ ನಂಬಿಯಾರು? ಫ್ರಾನ್ಸ್ ದೇಶದ ನಟ ಫೆರ್ನಾಂದೆಲ್ ಅವರು ಅದನ್ನು ಸಾಧಿಸಿ ತೋರಿಸಿದರು. ಅಷ್ಟೇ ಅಲ್ಲ, ಒಬ್ಬ ಹಳ್ಳಿಯ ಧರ್ಮಗುರುವಿನ ಪಾತ್ರದಿಂದ ಲಕ್ಷಾಂತರ ಕಥೋಲಿಕ ಕುಟುಂಬಗಳಿಗೆ ಆತ್ಮೀಯರಾದರು. ಅವರ ಬಾಳಿನ ಕಥೆಯನ್ನು ಈ ವಾರ ನಮ್ಮ ಓದುಗರ ಮುಂದಿಡುತ್ತಿದ್ದೇವೆ.

1903ರ ಮೇ 8ರಂದು ಫ್ರಾನ್ಸಿನ ದಕ್ಷಿಣ ತೀರದ ಬಂದರು ನಗರವಾದ ಮಾರ್ಸೆಯ್‌ನಲ್ಲಿ ಅವರು ಜನಿಸಿದರು. ಹೆತ್ತವರು ಇಟ್ಟ ಹೆಸರು ಫೆರ್ನಾಂ ಜೋಸೆಫ್ ದೆಸಿರೇ ಕೊಂತಾಂದೆಂ. ತಂದೆ ಹಗಲು ಗುಮಾಸ್ತೆ, ರಾತ್ರಿ ರಂಗದ ಮೇಲಿನ ಗಾಯಕ. ದೆನಿ ಎಂಬ ತಮ್ಮ ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ ಸಿನೆದ್ ಎಂಬ ರಂಗನಾಮವನ್ನು ಇಟ್ಟುಕೊಂಡಿದ್ದವರು. ತಂದೆಯ ಬೆನ್ನಿಗೇ ಮಗನೂ ಎಳೆಯ ವಯಸ್ಸಿನಲ್ಲಿಯೇ ರಂಗವೇರಿದನು. ಸಿಪಾಯಿಯ ವೇಷ ಧರಿಸಿ ಹಾಸ್ಯಗೀತೆಗಳನ್ನು ಹಾಡುವುದು ಆ ಕಾಲದ ಜನಪ್ರಿಯ ಕಲೆ. ಬಾಲಕನು ಅದನ್ನೇ ಅಭ್ಯಾಸ ಮಾಡಿದನು. ಆದರೆ ಹಾಡಿನಿಂದ ಹೊಟ್ಟೆ ತುಂಬಬೇಕಲ್ಲ! ಯೌವನದಲ್ಲಿ ಬ್ಯಾಂಕಿನ ಕೆಲಸ, ಸಾಬೂನು ಕಾರ್ಖಾನೆಯ ಕೆಲಸ ಎಂದು ಹಲವು ಕಡೆ ದುಡಿಯಬೇಕಾಯಿತು. ಮನಸ್ಸು ಮಾತ್ರ ರಂಗಭೂಮಿಯಲ್ಲಿಯೇ ನೆಲೆಸಿತ್ತು.

1925ರಲ್ಲಿ ಗೆಳೆಯ ಜಾನ್ ಮಾನ್ಸ್ ಅವರ ಸಹೋದರಿ ಆಂರಿಯೆತ್ ಅವರನ್ನು ವಿವಾಹವಾದರು. ಅವರ ರಂಗನಾಮದ ಹುಟ್ಟಿನ ಬಗ್ಗೆ ಒಂದು ಸೊಗಸಾದ ಕಥೆಯಿದೆ. ಮಗಳನ್ನು ಬಿಟ್ಟಿರಲಾರದೆ ಮನೆಗೆ ಎಡತಾಕುತ್ತಿದ್ದ ಈ ಹುಡುಗನನ್ನು ಆಕೆಯ ತಾಯಿ ಅವಳ ಫೆರ್ನಾಂ ಎಂದು ತಮಾಷೆಯಾಗಿ ಕರೆಯುತ್ತಿದ್ದರಂತೆ. ಫ್ರೆಂಚ್ ಭಾಷೆಯಲ್ಲಿ ಆ ಮಾತು ಫೆರ್ನಾಂದೆಲ್ ಎಂದೇ ಕೇಳಿಸುತ್ತದೆ. ಹೀಗೆ ಪತ್ನಿಯ ಮೇಲಿನ ಪ್ರೀತಿಯೇ ಅವರ ಹೆಸರಾಯಿತು. ಚಿತ್ರರಂಗದ ಥಳುಕಿನ ನಡುವೆಯೂ ಈ ದಾಂಪತ್ಯವು ಅವರ ಮರಣದವರೆಗೆ, ನಲವತ್ತೈದು ವರ್ಷಗಳಿಗೂ ಮೀರಿ, ಮುರಿಯದೆ ಉಳಿಯಿತು. ಇಬ್ಬರು ಹೆಣ್ಣುಮಕ್ಕಳು, ಒಬ್ಬ ಗಂಡುಮಗ ಅವರಿಗೆ.

1930ರ ಸುಮಾರಿಗೆ ಚಲನಚಿತ್ರಕ್ಕೆ ಮಾತು ಬಂದಿತು. ಪ್ಯಾರಿಸ್ಸಿನ ರಂಗಮಂದಿರವೊಂದರಲ್ಲಿ ಹಾಡುತ್ತಿದ್ದ ಫೆರ್ನಾಂದೆಲ್ ಅವರಿಗೆ 1931ರ ಚಿತ್ರವೊಂದರಲ್ಲಿ ಚಿಕ್ಕ ಪಾತ್ರ ದೊರೆಯಿತು. ನಮ್ಮ ಜಿಲ್ಲೆಯ ಗುಬ್ಬಿ ವೀರಣ್ಣನವರು ಹಾಸ್ಯಪಾತ್ರಗಳಿಂದ ನಾಡನ್ನು ನಗಿಸಿ, ರಂಗದಿಂದ ಚಿತ್ರದತ್ತ ಕಾಲಿಟ್ಟ ಕಾಲವೂ ಹೆಚ್ಚು ಕಡಿಮೆ ಇದೇ ಎಂಬುದನ್ನು ನೆನೆದರೆ, ಆ ಯುಗದ ಸ್ವರೂಪವು ನಮಗೆ ಮನದಟ್ಟಾದೀತು. ನಾಟಕದವರ ಕಂಠಕ್ಕೆ ಸಿನಿಮಾ ಕಾದು ಕುಳಿತಿದ್ದ ಕಾಲವದು.

ಮುಖ ನೋಡಿದೊಡನೆ ಜನ ನಗುತ್ತಿದ್ದರು. ಆ ನಗೆಯಲ್ಲಿಯೇ ಅವರ ವೃತ್ತಿ ಮುಗಿದುಹೋಗುವ ಅಪಾಯವೂ ಇತ್ತು. ಅವರೊಳಗಿನ ದೊಡ್ಡ ಕಲಾವಿದನನ್ನು ಗುರುತಿಸಿದವರು ತಮ್ಮದೇ ಪ್ರಾಂತದ ಲೇಖಕ, ನಿರ್ದೇಶಕ ಮಾರ್ಸೆಲ್ ಪಾನ್ಯೋಲ್. 1934ರ ‘ಆಂಜೆಲ್’ ಚಿತ್ರದಲ್ಲಿ ಫೆರ್ನಾಂದೆಲ್ ಅವರದು ರೈತನ ಮನೆಯ ಆಳಿನ ಪಾತ್ರ. ಒಡೆಯನ ಮಗಳು ವಂಚಕನೊಬ್ಬನ ಮಾತು ನಂಬಿ ಪಟ್ಟಣದಲ್ಲಿ ಹಾಳಾದಾಗ, ಆಕೆಯನ್ನು ಹುಡುಕಿ, ಕೂಸಿನೊಂದಿಗೆ ಮನೆಗೆ ಕರೆತರುವವನು ಈ ಪೆದ್ದ ಆಳೇ. ಮಾನಕ್ಕೆ ಅಂಜಿದ ತಂದೆಯು ಮಗಳನ್ನು ನೆಲಮಾಳಿಗೆಯಲ್ಲಿ ಬಚ್ಚಿಡುತ್ತಾನೆ. ಆಳಿನ ಕಣ್ಣಿಗೆ ಮಾತ್ರ ಆಕೆ ಮೊದಲಿನಂತೆಯೇ ನಿರ್ಮಲೆ. ನಗಲೆಂದು ಬಂದವರು ಕಣ್ಣೊರೆಸಿಕೊಂಡು ಹೋಗುವಂಥ ಅಭಿನಯವದು. 1938ರ ‘ಲ ಷ್ಪುಂತ್ಸ್’ ಚಿತ್ರದಲ್ಲಿ ಅವರು ಸಿನಿಮಾ ಹುಚ್ಚು ಹಿಡಿದ ಅಂಗಡಿಯ ಹುಡುಗ. ಮರಣದಂಡನೆಯ ಕುರಿತ ಕಾನೂನಿನ ಒಂದೇ ಒಂದು ವಾಕ್ಯವನ್ನು ಭಯ, ಕರುಣೆ, ನಗೆ ಮೊದಲಾದ ಹಲವು ಭಾವಗಳಲ್ಲಿ ನುಡಿದು ತೋರಿಸುವ ಅಲ್ಲಿನ ದೃಶ್ಯವನ್ನು ಫ್ರೆಂಚರು ಇಂದಿಗೂ ಮರೆತಿಲ್ಲ.

ಇನ್ನು ನಮ್ಮ ಓದುಗರಿಗೆ ಹೆಚ್ಚು ಹತ್ತಿರದ ವಿಷಯಕ್ಕೆ ಬರೋಣ. 1951ರಲ್ಲಿ ಅವರು ‘ಕೆಂಪು ತಂಗುದಾಣ’ ಎಂಬ ಅರ್ಥದ ಹೆಸರಿನ ಚಿತ್ರವೊಂದರಲ್ಲಿ ಸನ್ಯಾಸಿಯ ಪಾತ್ರ ವಹಿಸಿದರು. ತಂಗಲು ಬಂದವರನ್ನು ಕೊಲ್ಲುವ ದಂಪತಿಗಳ ಗುಟ್ಟು ಪಾಪನಿವೇದನೆಯಲ್ಲಿ ತಿಳಿದುಬಂದರೂ, ಅದನ್ನು ಹೊರಗೆಡಹಲಾಗದೆ ಒದ್ದಾಡುವ ಸನ್ಯಾಸಿಯ ಕಥೆಯದು. ಧರ್ಮಸಭೆಯ ಕುರಿತು ಕಟಕಿಯಿದ್ದ ಚಿತ್ರ. ಗುರುವಸ್ತ್ರವನ್ನು ಅಪಹಾಸ್ಯಕ್ಕೆ ಬಳಸುವುದು ಹಾಸ್ಯನಟನಿಗೆ ಎಷ್ಟು ಸುಲಭವೆಂಬುದಕ್ಕೆ ಅದೇ ಸಾಕ್ಷಿ. ಮರುವರ್ಷವೇ ಅದೇ ಮುಖ, ಅದೇ ಹಲ್ಲುಗಳು ಬೇರೆಯೇ ಬಗೆಯ ಗುರುವೊಬ್ಬರನ್ನು ಜಗತ್ತಿಗೆ ಪರಿಚಯಿಸಿದವು.

ಅವರೇ ದೋನ್ ಕಮಿಲ್ಲೊ. ಇಟಲಿಯ ಲೇಖಕ ಜೊವಾನ್ನಿನೊ ಗ್ವಾರೆಸ್ಕಿ ಸೃಷ್ಟಿಸಿದ ಹಳ್ಳಿಯ ಗುರು. ಎರಡನೇ ಮಹಾಯುದ್ಧ ಮುಗಿದು, ಇಟಲಿಯ ಊರೂರುಗಳಲ್ಲಿ ಕಮ್ಯುನಿಸ್ಟರೂ ಕಥೋಲಿಕರೂ ಎದುರುಬದುರಾಗಿ ನಿಂತಿದ್ದ ಕಾಲ. ಊರಿನ ಮೇಯರ್ ಪೆಪ್ಪೋನೆ ಕಟ್ಟಾ ಕಮ್ಯುನಿಸ್ಟ್. ದೋನ್ ಕಮಿಲ್ಲೊ ಮೂಗಿನ ತುದಿಯಲ್ಲಿ ಕೋಪವುಳ್ಳವರು, ಜಗಳ ಬಂದರೆ ಕೈ ಮಾಡಲೂ ಹಿಂಜರಿಯದವರು. ಆದರೆ ಗುಡಿಯೊಳಗೆ ಬಂದು ಶಿಲುಬೆಯ ಮುಂದೆ ನಿಂತರೆಂದರೆ ತಪ್ಪು ಮಾಡಿದ ಮಗುವಿನಂತೆ. ಶಿಲುಬೆಯ ಮೇಲಿನ ಸ್ವಾಮಿ ಅವರೊಂದಿಗೆ ಮಾತನಾಡುತ್ತಾರೆ, ಗದರುತ್ತಾರೆ, ತಿದ್ದುತ್ತಾರೆ. ಗುರುವು ನೆಪ ಹೇಳುತ್ತಾರೆ, ವಾದಿಸುತ್ತಾರೆ, ಕೊನೆಗೆ ತಲೆ ಬಾಗಿಸುತ್ತಾರೆ.

1952ರ ಈ ಚಿತ್ರವನ್ನು ನಿರ್ದೇಶಿಸಿದವರು ಜೂಲಿಯಾಂ ದ್ಯುವಿವಿಯೇ. ಪೋ ನದಿಯ ದಡದ ಬ್ರೆಶೆಲ್ಲೊ ಎಂಬ ಊರಿನಲ್ಲಿ ಚಿತ್ರೀಕರಣ ನಡೆಯಿತು. ಪೆಪ್ಪೋನೆಯಾಗಿ ಇಟಲಿಯ ನಟ ಜೀನೊ ಚೆರ್ವಿ. ಊರಿನ ಮುದುಕಿ ಶಿಕ್ಷಕಿಯೊಬ್ಬರು ತಮ್ಮ ಶವಪೆಟ್ಟಿಗೆಯ ಮೇಲೆ ಹಳೆಯ ಅರಸೊತ್ತಿಗೆಯ ಧ್ವಜವಿರಬೇಕೆಂದು ಬಯಸಿ ಸಾಯುತ್ತಾರೆ. ಅರಸರನ್ನು ಒಪ್ಪದ ಪೆಪ್ಪೋನೆಯೇ ಅದನ್ನು ನೆರವೇರಿಸುತ್ತಾನೆ. ಹೊಡೆದಾಟದ ತಪ್ಪಿಗೆ ಬಿಷಪರು ಗುರುವನ್ನು ಊರಿನಿಂದ ದೂರ ಕಳುಹಿಸಿದಾಗ, ಊರಿನ ನಿಲ್ದಾಣಕ್ಕೆ ಯಾರೂ ಬರುವುದಿಲ್ಲ. ಆದರೆ ರೈಲು ಮುಂದೆ ಸಾಗಿದಂತೆ ಭಕ್ತರೂ, ಆಮೇಲೆ ಪೆಪ್ಪೋನೆಯ ಸಂಗಡಿಗರೂ ಬೀಳ್ಕೊಡಲು ಕಾದು ನಿಂತಿರುತ್ತಾರೆ. ವೈರಿಗಳೆನಿಸಿಕೊಂಡವರ ನಡುವೆ ಇಂಥ ಪ್ರೀತಿಯಿದೆ ಎಂಬುದೇ ಕಥೆಯ ಜೀವಾಳ. ಫ್ರಾನ್ಸ್ ಒಂದರಲ್ಲಿಯೇ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮಂದಿ ಚಿತ್ರಮಂದಿರಗಳಿಗೆ ಬಂದು ಈ ಚಿತ್ರವನ್ನು ನೋಡಿದರು. 1953, 1955, 1961 ಮತ್ತು 1965ರಲ್ಲಿ ಮತ್ತೆ ನಾಲ್ಕು ಚಿತ್ರಗಳು ಬಂದವು.

ನಮ್ಮ ಮೈಸೂರು ಸೀಮೆಗೂ ಫ್ರೆಂಚ್ ನುಡಿಯುವ ಗುರುಗಳು ಹೊಸಬರಲ್ಲ. ಅಬ್ಬೆ ದ್ಯುಬುವಾ ಅವರ ಕಾಲದಿಂದ ಹಿಡಿದು ಇಪ್ಪತ್ತನೇ ಶತಮಾನದ ನಡುಭಾಗದವರೆಗೆ ಫ್ರಾನ್ಸಿನ ಮಿಷನರಿಗಳು ಇಲ್ಲಿಯ ಹಳ್ಳಿಗಳಲ್ಲಿ ದುಡಿದಿದ್ದಾರೆ. ಹಿರಿಯರು ಅವರ ತ್ಯಾಗವನ್ನು ಹೇಳುವಾಗ ಅವರ ಸಿಟ್ಟು, ಹಟಗಳನ್ನೂ ನಗುತ್ತ ಹೇಳುತ್ತಾರಲ್ಲವೆ? ಆ ನಗೆಯಲ್ಲಿ ಅಗೌರವವಿಲ್ಲ. ಫೆರ್ನಾಂದೆಲ್ ಕಲಿಸಿದ್ದೂ ಇದನ್ನೇ. ಗುರುವು ಪೀಠದ ಮೇಲಿನ ಪ್ರತಿಮೆಯಲ್ಲ, ದಿನವೂ ಎಡವಿ ದಿನವೂ ಏಳುವ ಮನುಷ್ಯ ಎಂದು ತೋರಿಸಿದ ಮೇಲೆ ಜನರ ಗೌರವ ಕುಂದಲಿಲ್ಲ; ಮಮತೆ ಹೆಚ್ಚಿತು.

ನೂರಕ್ಕೂ ಮಿಗಿಲಾದ ಚಿತ್ರಗಳಲ್ಲಿ ಅವರು ನಟಿಸಿದರು. 1959ರ ಚಿತ್ರವೊಂದರಲ್ಲಿ ಜರ್ಮನರ ಸೆರೆಯಿಂದ ಹಸುವೊಂದನ್ನು ಹಿಡಿದುಕೊಂಡು ತಪ್ಪಿಸಿಕೊಳ್ಳುವ ಸೈನಿಕನಾದರು. 1970ರಲ್ಲಿ ತೆರೆಕಂಡ ಅವರ ಕೊನೆಯ ಪೂರ್ಣ ಚಿತ್ರವಂತೂ ಕುಣಿಗಲ್ಲಿನವರ ಮನಸ್ಸಿಗೆ ನೇರವಾಗಿ ನಾಟುವಂಥದು. ಯುಲಿಸ್ ಎಂಬ ಮುದಿ ಕುದುರೆಯನ್ನು ಒಡೆಯನು ಗೂಳಿಕಾಳಗದವರಿಗೆ ಮಾರಿಬಿಟ್ಟಿದ್ದಾನೆ. ಅಲ್ಲಿ ಅದಕ್ಕೆ ಸಾವು ಖಂಡಿತ. ಒಯ್ದು ಒಪ್ಪಿಸಬೇಕಾದ ಮುದಿ ಆಳು ಮನಸ್ಸೊಪ್ಪದೆ, ಅದನ್ನು ಕಮಾರ್ಗ್‌ನ ಜೌಗುಬಯಲಿಗೆ ನಡೆಸಿಕೊಂಡು ಹೋಗುತ್ತಾನೆ, ಕಾಡುಕುದುರೆಗಳ ನಡುವೆ ಬಿಟ್ಟುಬರಲೆಂದು.

ಅದೇ ವರ್ಷ ಆರನೆಯ ದೋನ್ ಕಮಿಲ್ಲೊ ಚಿತ್ರೀಕರಣದ ವೇಳೆ ಅವರು ಕಾಯಿಲೆ ಬಿದ್ದರು. ಕೆಲಸ ನಿಂತಿತು, ಮುಂದೆ ಆ ಚಿತ್ರವನ್ನು ಬೇರೆ ನಟರಿಂದ ಮಾಡಿಸಬೇಕಾಯಿತು. 1971ರ ಫೆಬ್ರವರಿ 26ರಂದು ಪ್ಯಾರಿಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಫೆರ್ನಾಂದೆಲ್ ನಿಧನರಾದರು. ಆಗ ಅವರಿಗೆ ಅರವತ್ತೇಳು ವರ್ಷ. ಬ್ರೆಶೆಲ್ಲೊ ಊರಿನ ಚೌಕದಲ್ಲಿ ಇಂದು ದೋನ್ ಕಮಿಲ್ಲೊ ಮತ್ತು ಪೆಪ್ಪೋನೆಯರ ಪ್ರತಿಮೆಗಳಿವೆ. ಚಿತ್ರದಲ್ಲಿ ಬಳಸಿದ ಶಿಲುಬೆಯನ್ನು ಅಲ್ಲಿನ ದೇವಾಲಯದಲ್ಲಿಯೇ ಇರಿಸಿಕೊಂಡಿದ್ದಾರೆ.

ನಮ್ಮ ಮನೆಗಳಲ್ಲಿಯೂ ಹಲ್ಲು ಉಬ್ಬಿದೆಯೆಂದೋ, ಬಣ್ಣ ಕಪ್ಪೆಂದೋ ಶಾಲೆಯಲ್ಲಿ ಹಂಗಿಸಿಕೊಂಡು, ತಲೆ ತಗ್ಗಿಸಿ ಬರುವ ಮಕ್ಕಳಿದ್ದಾರೆ. ಅಂಥ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾಯಿತಂದೆಯರು ಈ ಕಥೆಯನ್ನು ಹೇಳಲಿ. ದೇವರು ಕೊಟ್ಟ ಮುಖವನ್ನು ಮುಚ್ಚಿಕೊಳ್ಳದೆ ಜಗತ್ತಿನ ಮುಂದೆ ನಿಂತ ಒಬ್ಬನನ್ನು ಕಂಡು ಜನ ಮೊದಲು ನಕ್ಕರು, ಆಮೇಲೆ ಪ್ರೀತಿಸಿದರು ಎಂದು ತಿಳಿಸಲಿ.