ಅಡುಗೆಮನೆಯ ಉಪ್ಪು, ಟೆರೇಸಿನ ಹಗ್ಗ: ನಮ್ಮೂರಿನ ಕಮಲಾದೇವಿ

ಎರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ನಾನು ಪ್ಯಾಡ್ ಬಿಟ್ಟು ಬಟ್ಟೆಗೆ ಬಂದೆ. ಪರಿಸರದ ಮೇಲಿನ ಪ್ರೀತಿ ಗೀತಿ ಏನಿಲ್ಲ, ಕೈಯಲ್ಲಿ ದುಡ್ಡಿರಲಿಲ್ಲ ಅಷ್ಟೇ. ಕಂಕನಾಡಿಯ ಹತ್ತಿರ ಪಿಜಿ, ಮೊದಲ ಕೆಲಸ, ತಿಂಗಳ ಕೊನೆಗೆ ಪರ್ಸಿನಲ್ಲಿ ಬಸ್ಸಿನ ಚಿಲ್ಲರೆ. ನನಗೆ ತಿಂಗಳಿಗೆ ಹನ್ನೆರಡು ಪ್ಯಾಡ್ ಬೇಕಾಗ್ತದೆ. ಒಂದಕ್ಕೆ 10 ರೂಪಾಯಿ ಹಿಡಿದರೆ ವರ್ಷಕ್ಕೆ 1,440. ಆರು ಬಟ್ಟೆ ಪ್ಯಾಡಿಗೆ ಒಮ್ಮೆ 1,200 ಕೊಟ್ಟರೆ ಎರಡು ಮೂರು ವರ್ಷ ಚಿಂತೆಯಿಲ್ಲ ಅಂತ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಮಂಗಳೂರಿನ ಮಳೆಯನ್ನು ಮಾತ್ರ ಅದರಲ್ಲಿ ಸೇರಿಸಿರಲಿಲ್ಲ.

ಒಗೆದ ಬಟ್ಟೆ ಮೂರು ದಿನವಾದರೂ ಒಣಗಲಿಲ್ಲ. ಸ್ವಲ್ಪ ಬಿಸಿಲು ಬಂದ ದಿನ ಟೆರೇಸಿನ ಹಗ್ಗಕ್ಕೆ ಹಾಕಿದೆ. ಸಂಜೆ ಪಿಜಿ ನೋಡಿಕೊಳ್ಳುವ ಆಂಟಿ ಕರೆದು, ಟ್ಯಾಂಕ್ ನೋಡಲಿಕ್ಕೆ ಗಂಡಸರು ಮೇಲೆ ಹೋಗ್ತಾರೆ, ಅಂಥದ್ದನ್ನೆಲ್ಲ ಬಾತ್‌ರೂಮಿನಲ್ಲೇ ಹಾಕಿಕೊಳ್ಳಬೇಕು ಅಂದರು. ಬೈದು ಹೇಳಲಿಲ್ಲ, ಮೆಲ್ಲಗೆ, ಗುಟ್ಟು ಹೇಳುವ ಹಾಗೆ ಹೇಳಿದರು. ಆ ಬಾತ್‌ರೂಮಿಗೆ ಕಿಟಕಿ ಇರಲಿಲ್ಲ.

ಆ ಮಳೆಗಾಲ ನಾನು ಓದುತ್ತಿದ್ದದ್ದು ಕಮಲಾದೇವಿ ಚಟ್ಟೋಪಾಧ್ಯಾಯರ ಬದುಕನ್ನು. ಕೈಮಗ್ಗ, ಕರಕುಶಲ, ದೊಡ್ಡ ಕುಂಕುಮ, ಅಂಚಿನ ಸೀರೆ, ಇಷ್ಟೇ ನನಗೆ ಗೊತ್ತಿದ್ದದ್ದು. ಹೆಸರು ಕೇಳಿದರೆ ಬಂಗಾಳದವರು ಅನ್ನಿಸ್ತದೆ. ಆದರೆ ಅವರು ಹುಟ್ಟಿದ್ದು ಇಲ್ಲೇ, ಮಂಗಳೂರಿನಲ್ಲಿ, 1903ರ ಏಪ್ರಿಲ್ 3ರಂದು, ಸಾರಸ್ವತ ಕುಟುಂಬವೊಂದರಲ್ಲಿ. ಪ್ಯಾಡಿಗಾಗಿ ಅವರು ಹೋರಾಡಿದರು ಅಂತ ಹೇಳಿ ಇಂದಿನ ನಮ್ಮ ಚಳವಳಿಯನ್ನು ಅವರ ತಲೆಗೆ ಕಟ್ಟುವ ಉದ್ದೇಶ ನನಗಿಲ್ಲ. ಒಳಮನೆಯಲ್ಲಿ ಇರಬೇಕಾದ್ದು ಅಂತ ಊರು ತೀರ್ಮಾನಿಸಿದ್ದನ್ನು ಅವರು ಮತ್ತೆ ಮತ್ತೆ ಹೊರಗೆ ತಂದು ಇಟ್ಟ ರೀತಿ, ಆ ಕಿಟಕಿ ಇಲ್ಲದ ಬಾತ್‌ರೂಮಿನ ಪಕ್ಕ ಕೂತು ಓದುವಾಗ ನನಗೆ ತಾಗಿತು.

ತಂದೆ ಅನಂತಯ್ಯ ಧಾರೇಶ್ವರ್ ದೊಡ್ಡ ಸರ್ಕಾರಿ ಅಧಿಕಾರಿ. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ತೀರಿಕೊಂಡರು, ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಲ್ಲಿ ಹೆಂಡತಿಗಾಗಲಿ ಹೆಣ್ಣುಮಕ್ಕಳಿಗಾಗಲಿ ಪಾಲಿಲ್ಲ. ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ತಿಂಗಳಿಗಿಷ್ಟು ಅಂತ ಒಂದು ಭತ್ಯೆ. ಆಕೆ ಅದನ್ನು ಮುಟ್ಟಲಿಲ್ಲ. ತವರಿನಿಂದ ಬಂದ ತನ್ನದೇ ಸ್ತ್ರೀಧನದಲ್ಲಿ ಮಕ್ಕಳನ್ನು ಸಾಕಿದಳು.

ಈ ಪುಟದಲ್ಲಿ ನಾನು ತುಂಬಾ ಹೊತ್ತು ನಿಂತೆ. ನಮ್ಮ ಮನೆ ಬಂಟ್ವಾಳದ ಕಡೆ. ಪ್ಯಾಡ್ ಅಂಗಡಿಯಿಂದ ಬರುತ್ತಿದ್ದದ್ದು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ, ಪೇಪರ್ ಸುತ್ತಿಕೊಂಡು, ಅದೂ ಅಪ್ಪ ದಿನಸಿಗೆ ಕೊಟ್ಟ ದುಡ್ಡಿನಲ್ಲಿ ಅಮ್ಮ ಉಳಿಸಿದ್ದರೆ. ನನಗೂ ತಂಗಿಗೂ ಪ್ಯಾಡ್ ತರುತ್ತಿದ್ದ ಅಮ್ಮ ತಾನು ಮಾತ್ರ ಕೊನೆಯವರೆಗೂ ಹಳೆ ಸೀರೆಯ ತುಂಡನ್ನೇ ಬಳಸಿದಳು. ನಾನು ಬಟ್ಟೆಗೆ ಬಂದೆ ಅಂತ ಫೋನಿನಲ್ಲಿ ಹೇಳಿದಾಗ ಅವಳಿಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ನಿಮಗೆ ಆ ಕಷ್ಟ ಬೇಡ ಅಂತಲೇ ಅಲ್ವಾ ಅಷ್ಟು ವರ್ಷ ಒದ್ದಾಡಿದ್ದು ಅಂತ ಫೋನಿಟ್ಟಳು. ಮರುಬಳಕೆಯ ಬಗ್ಗೆ ಚಂದದ ಪೋಸ್ಟರ್ ಮಾಡುವ ನಾವು ಈ ಸಿಟ್ಟಿಗೆ ಉತ್ತರ ಹುಡುಕಬೇಕು ಅಂತ ನನಗೆ ಅನ್ನಿಸಿದ್ದು ಆಗ.

ಕಮಲಾದೇವಿಗೆ 14ನೇ ವಯಸ್ಸಿಗೆ ಮದುವೆ. ಎರಡು ವರ್ಷದಲ್ಲಿ ವಿಧವೆ. ಅಲ್ಲಿಗೆ ಮುಗಿಯಬೇಕಾಗಿದ್ದ ಬದುಕು ಮುಗಿಯಲಿಲ್ಲ, ಯಾಕೆಂದರೆ ತಾಯಿ ಮಗಳನ್ನು ಓದಲಿಕ್ಕೆ ಬಿಟ್ಟಳು. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಪರಿಚಯವಾಯಿತು, ಅವರ ಮೂಲಕ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯ. ಕವಿ, ನಾಟಕದವರು. ಮದುವೆಯಾದರು. ವಿಧವೆಯ ಮರುಮದುವೆ, ಅದೂ ಬೇರೆ ಭಾಷೆಯವರ ಜೊತೆ! ಊರಿನಲ್ಲಿ ಎಷ್ಟು ಮಾತಾಗಿರಬಹುದು ಅಂತ ನೀವೇ ಊಹಿಸಿ. ಮುಂದೆ ಆ ಮದುವೆಯೂ ಮುರಿಯಿತು, ಅವರು ವಿಚ್ಛೇದನ ಪಡೆದರು. ನಡುವೆ ಲಂಡನ್ನಿನಲ್ಲಿ ಸಮಾಜಶಾಸ್ತ್ರದ ಓದು, ನಾಟಕದ ತಿರುಗಾಟ, 1931ರ ಮೂಕಿ ಚಿತ್ರ ಮೃಚ್ಛಕಟಿಕದಲ್ಲಿ ಪಾತ್ರ. ಮರ್ಯಾದಸ್ಥರ ಮನೆಯ ಹೆಂಗಸು ಬಣ್ಣ ಹಚ್ಚಬಾರದು ಅನ್ನುತ್ತಿದ್ದ ಕಾಲ ಅದು.

1926ರಲ್ಲಿ ಮದ್ರಾಸ್ ಶಾಸನಸಭೆಗೆ ಮಂಗಳೂರಿನಿಂದ ನಿಂತರು. ಹೆಂಗಸರು ಸ್ಪರ್ಧಿಸಬಹುದು ಅಂತ ನಿಯಮ ಬದಲಾಗಿ ಹೆಚ್ಚು ದಿನ ಆಗಿರಲಿಲ್ಲ. ದೇಶದಲ್ಲಿ ಶಾಸನಸಭೆಗೆ ನಿಂತ ಮೊದಲಿಗರಲ್ಲಿ ಅವರೊಬ್ಬರು. ಐರಿಷ್ ಮೂಲದ ಮಾರ್ಗರೆಟ್ ಕಸಿನ್ಸ್ ಬೆನ್ನಿಗೆ ನಿಂತರು. ಸೋತದ್ದು 55 ಮತದಿಂದ. ನಮ್ಮ ಪಿಜಿಯಲ್ಲಿ ಆಗ ಇದ್ದ ಹುಡುಗಿಯರ ಸಂಖ್ಯೆಗಿಂತ ಸ್ವಲ್ಪವೇ ಹೆಚ್ಚು.

ಮರುವರ್ಷ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿತು, ಕಮಲಾದೇವಿ ಅದರ ಮೊದಲ ಸಂಘಟನಾ ಕಾರ್ಯದರ್ಶಿ. ಸಮ್ಮೇಳನ ಕೈಗೆತ್ತಿಕೊಂಡ ದೊಡ್ಡ ಕೆಲಸಗಳಲ್ಲಿ ಒಂದು ಬಾಲ್ಯವಿವಾಹದ ವಿರುದ್ಧ ಕಾನೂನು. ಈಗ ಅದನ್ನು ಬರೀ ವಯಸ್ಸಿನ ಪ್ರಶ್ನೆ ಅಂತ ಪಾಠದಲ್ಲಿ ಓದುತ್ತೇವೆ. ಆಗ ವಿರೋಧಿಸಿದವರ ವಾದ ಏನಿತ್ತು ಗೊತ್ತಾ? ಹುಡುಗಿ ಮೈನೆರೆಯುವ ಮೊದಲೇ ಮದುವೆ ಆಗಬೇಕು, ಇಲ್ಲದಿದ್ದರೆ ಧರ್ಮ ಕೆಡುತ್ತದೆ. ಅಂದರೆ ಒಂದು ಹೆಣ್ಣಿನ ಇಡೀ ಬದುಕಿನ ದಿನಾಂಕವನ್ನು ಅವಳ ಮೊದಲ ಮುಟ್ಟು ನಿರ್ಧರಿಸುತ್ತಿತ್ತು, ಮತ್ತು ಆ ವಿಷಯವನ್ನು ಗಂಡಸರೇ ತುಂಬಿದ್ದ ಶಾಸನಸಭೆಯಲ್ಲಿ ಚರ್ಚಿಸಬೇಕಾಗಿ ಬಂತು. 1929ರಲ್ಲಿ ಶಾರದಾ ಕಾಯ್ದೆ ಬಂದು ಹುಡುಗಿಯರ ಮದುವೆಯ ಕನಿಷ್ಠ ವಯಸ್ಸು 14 ಆಯಿತು. 14ರಲ್ಲೇ ಮದುವೆಯಾಗಿದ್ದವಳು ಅದಕ್ಕಾಗಿ ಓಡಾಡಿದವರಲ್ಲಿ ಇದ್ದಳು.

(ನಮ್ಮ ತುಳುನಾಡಿನ ವಿಚಿತ್ರ ನೋಡಿ. ಕೆಡ್ಡಸದ ಮೂರು ದಿನ ಭೂಮಿ ಮುಟ್ಟಾಗಿದ್ದಾಳೆ ಅಂತ ಉಳುವುದಿಲ್ಲ, ಅಗೆಯುವುದಿಲ್ಲ, ಆಮೇಲೆ ಎಣ್ಣೆ ಬಿಟ್ಟು ಅವಳಿಗೆ ಸ್ನಾನ. ಭೂಮಿಗೆ ಅಂಗಳದಲ್ಲಿ, ಎಲ್ಲರ ಎದುರು. ನಮಗೆ ಕಿಟಕಿ ಇಲ್ಲದ ಬಾತ್‌ರೂಮು.)

ಉಪ್ಪಿನ ಕತೆಗೆ ಬರುತ್ತೇನೆ, ಕಮಲಾದೇವಿಯ ಬದುಕಿನಲ್ಲಿ ನನಗೆ ಅತಿ ಇಷ್ಟದ್ದು ಅದೇ. 1930ರ ದಂಡಿ ಯಾತ್ರೆಗೆ ಗಾಂಧೀಜಿ ಆರಿಸಿದ ತಂಡದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಕಮಲಾದೇವಿ ಹೋಗಿ ವಾದ ಮಾಡಿದರು. ಉಪ್ಪು ಯಾರ ವಸ್ತು? ಅಡುಗೆಮನೆಯದ್ದು. ಅದರ ಮೇಲೆ ತೆರಿಗೆ ಹಾಕಿದರೆ ಮೊದಲು ತಟ್ಟುವುದು ಯಾರಿಗೆ? ಕೊನೆಗೆ ಗಾಂಧೀಜಿ ಒಪ್ಪಿದರು. ಬೊಂಬಾಯಿಯ ಚೌಪಾಟಿಯಲ್ಲಿ ಅವಂತಿಕಾಬಾಯಿ ಗೋಖಲೆ ಜೊತೆ ಕಮಲಾದೇವಿ ಉಪ್ಪು ಮಾಡಿದರು. ಮಾಡಿ ಸುಮ್ಮನಿರಲಿಲ್ಲ. ಪೊಟ್ಟಣ ಕಟ್ಟಿಕೊಂಡು ಷೇರುಪೇಟೆಗೇ ನುಗ್ಗಿ ಮಾರಿದರು. ಹೈಕೋರ್ಟಿಗೆ ಹೋಗಿ ಮ್ಯಾಜಿಸ್ಟ್ರೇಟರ ಬಳಿಯೇ ಉಪ್ಪು ಕೊಳ್ಳುತ್ತೀರಾ ಅಂತ ವಿಚಾರಿಸಿದರು. ಬಂಧನವಾಯಿತು, ಸುಮಾರು ಒಂದು ವರ್ಷ ಜೈಲು.

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಸ್ಯಾನಿಟರಿ ಪ್ಯಾಡಿಗೆ 12% ತೆರಿಗೆ ಹಾಕಿದ್ದರು. ಬಳೆಗೆ, ಕುಂಕುಮಕ್ಕೆ ಸೊನ್ನೆ. ಒಂದು ವರ್ಷ ದೇಶದ ಹುಡುಗಿಯರು ಅದರ ವಿರುದ್ಧ ಕೂಗಿದರು, 2018ರ ಜುಲೈಯಲ್ಲಿ ತೆರಿಗೆ ಹೋಯಿತು. ಆದರೆ ಕಂಪನಿಗಳು ಕಚ್ಚಾವಸ್ತುವಿಗೆ ಕಟ್ಟಿದ ತೆರಿಗೆ ವಾಪಸು ಸಿಗದ ಕಾರಣ ಬೆಲೆ ಅಷ್ಟೇ ಪ್ರಮಾಣದಲ್ಲಿ ಇಳಿಯಲಿಲ್ಲ. ಆಗ ನಾನು ಕಾಲೇಜಿನಲ್ಲಿದ್ದೆ, ನಾವೂ ಒಂದು ಸಹಿಸಂಗ್ರಹ ಮಾಡಿದ್ದೆವು. ಕೆಲವು ಹುಡುಗರು ಸಹಿ ಹಾಕಿ ಪೆನ್ನನ್ನು ಬೆಂಕಿ ಮುಟ್ಟಿದ ಹಾಗೆ ಕೆಳಗಿಟ್ಟದ್ದು ಇನ್ನೂ ನೆನಪುಂಟು. ಉಪ್ಪಿಗೂ ಪ್ಯಾಡಿಗೂ ವ್ಯತ್ಯಾಸ ಅಲ್ಲೇ ಇರೋದು. ಷೇರುಪೇಟೆಯ ಗಂಡಸರು ಉಪ್ಪಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದರು.

ಕಮಲಾದೇವಿ ಮುಂದೆ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು, ಮತ್ತೆ ಜೈಲು ನೋಡಿದರು. ಸ್ವಾತಂತ್ರ್ಯ ಬಂದಾಗ ಮಂತ್ರಿಗಿರಿಯ ಕಡೆ ಹೋಗಲಿಲ್ಲ. ದೇಶ ಒಡೆದು ವಾಯವ್ಯ ಗಡಿಯಿಂದ ಬಂದ ನಿರಾಶ್ರಿತರಿಗೆ ಸಹಕಾರಿ ತತ್ವದ ಮೇಲೆ ಫರೀದಾಬಾದ್‌ನಲ್ಲಿ ಊರು ಕಟ್ಟುವ ಕೆಲಸಕ್ಕೆ ಇಳಿದರು. ಭಾರತೀಯ ಸಹಕಾರಿ ಒಕ್ಕೂಟ ಶುರುವಾದದ್ದು 1948ರಲ್ಲಿ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಬಂತು, ಅದರ ಚುಕ್ಕಾಣಿ ವರ್ಷಗಟ್ಟಲೆ ಅವರ ಕೈಯಲ್ಲಿತ್ತು. ಇಲ್ಲಿಂದ ಮುಂದಿನದ್ದು ಎಲ್ಲರಿಗೂ ಗೊತ್ತಿರುವ ಕಮಲಾದೇವಿ. 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ, 1988ರ ಅಕ್ಟೋಬರ್ 29ರಂದು ಸಾವು.

ಆದರೆ ಆ ಭಾಗದಲ್ಲೂ ನನಗೆ ಹಿಡಿಸಿದ್ದು ಒಂದುಂಟು. ಹಳೆಯದು ಚಂದ, ಕೈಯಲ್ಲಿ ಮಾಡಿದ್ದು ಪವಿತ್ರ ಅಂತ ಪೂಜೆ ಮಾಡಿ ಅವರು ಮಗ್ಗವನ್ನು ಉಳಿಸಲಿಲ್ಲ. ನೇಯುವವನಿಗೆ ನೂಲು ಸಿಗಬೇಕು, ಸಾಲ ಸಿಗಬೇಕು, ಮಾರುವ ಅಂಗಡಿ ಬೇಕು, ಆ ಅಂಗಡಿ ಪೇಟೆಯ ನಡುವೆ ಇರಬೇಕು. ಕುಶಲಕರ್ಮಿಯ ಬಡತನವನ್ನು ಪರಂಪರೆ ಅಂತ ಹೊಗಳಿದರೆ ಅದರಿಂದ ಅವನ ಹೊಟ್ಟೆ ತುಂಬುವುದಿಲ್ಲ ಅನ್ನುವುದು ಅವರ ಕೆಲಸದಲ್ಲೇ ಕಾಣುತ್ತದೆ. ಅಮ್ಮನ ಸಿಟ್ಟಿಗೆ ಉತ್ತರ ನನಗೆ ಇಲ್ಲಿ ಸ್ವಲ್ಪ ಸಿಕ್ಕಿತು. ಹಳೆ ಸೀರೆಯ ತುಂಡನ್ನು ಅಮ್ಮ ಆಯ್ಕೆ ಮಾಡಿದ್ದಲ್ಲ. ಒಣಗಿಸಲಿಕ್ಕೆ ಅವಳಿಗೆ ಜಾಗ ಇರಲಿಲ್ಲ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ನೈಟಿಯ ಅಡಿಗೆ ಹಾಕುತ್ತಿದ್ದಳು. ಅಜ್ಜಿಯ ಕಾಲದಲ್ಲಿ ಎಲ್ಲ ಪರಿಸರಸ್ನೇಹಿ ಆಗಿತ್ತು ಅನ್ನುವ ರೀಲ್ಸ್ ನೋಡಿದಾಗೆಲ್ಲ ನನಗೆ ಆ ಮೂಲೆ ಕಾಣುತ್ತದೆ.

ಹಾಗಂತ ಪ್ಯಾಡಿಗೆ ವಾಪಸು ಹೋಗಲಿಕ್ಕೂ ನನಗೆ ಮನಸ್ಸು ಬರಲಿಲ್ಲ. ತಿಂಗಳಿಗೆ ಹನ್ನೆರಡರ ಹಾಗೆ 35 ವರ್ಷ ಲೆಕ್ಕ ಹಾಕಿ, 5,000 ದಾಟುತ್ತದೆ. ಹೆಚ್ಚಿನದರಲ್ಲಿ ಪ್ಲಾಸ್ಟಿಕ್ ಉಂಟು. ಬೇರೆ ಸುತ್ತಿ ಕೊಡಬೇಕು, ಸುತ್ತಲಿಕ್ಕೆ ಚೀಲವನ್ನು ತಯಾರಕರೇ ಒದಗಿಸಬೇಕು ಅಂತ 2016ರ ಘನತ್ಯಾಜ್ಯ ನಿಯಮ ಹೇಳಿತ್ತು. ಸುತ್ತದೆ ಎಸೆದದ್ದನ್ನು ಕೈಯಲ್ಲಿ ಬೇರ್ಪಡಿಸುವವರು ಯಾರು ಅಂತ ನಮಗೆಲ್ಲ ಗೊತ್ತುಂಟು. 2019ರ ಆಗಸ್ಟಿನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಹರಿಯಿತು. ಜನ ತಮ್ಮ ಅಡಿಕೆ ತೋಟ ಬಿಟ್ಟು ಬೇರೆ ಕಡೆ ಹೋಗಬೇಕಾಯಿತು. ನಮ್ಮ ಇಡೀ ನಗರ ಎಸೆದದ್ದು ಅಲ್ಲಿತ್ತು, ನನ್ನದೂ.

ಒಂದು ವರ್ಷ ಕಳೆದ ಮೇಲೆ ಕಪ್ ತಗೊಂಡೆ. 500 ರೂಪಾಯಿ ಒಳಗೆ ಸಿಕ್ಕಿತು, ಸಿಲಿಕೋನಿನದ್ದು, ಸರಿಯಾಗಿ ಇಟ್ಟುಕೊಂಡರೆ 10 ವರ್ಷದವರೆಗೆ ಬಾಳಿಕೆ. ಒಣಗಿಸುವ ತಲೆಬಿಸಿ ಇಲ್ಲ. ಮೊದಲ ಎರಡು ತಿಂಗಳು ಹೆದರಿಕೆ, ಸೋರಿಕೆ ಎಲ್ಲ ಆಯಿತು. 43 ಅಧ್ಯಯನಗಳನ್ನು ಒಟ್ಟಿಗಿಟ್ಟು 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪ್ರಕಟಿಸಿದ ವಿಶ್ಲೇಷಣೆ, ಕಪ್ ಸುರಕ್ಷಿತ, ಸೋರಿಕೆ ಪ್ಯಾಡಿನಷ್ಟೇ ಅಥವಾ ಕಡಿಮೆ, ಅಭ್ಯಾಸವಾಗಲು ಕೆಲವು ತಿಂಗಳು ಬೇಕು ಅನ್ನುತ್ತದೆ. ಕಾಪರ್-ಟಿ ಹಾಕಿಸಿಕೊಂಡವರು ಮೊದಲು ಡಾಕ್ಟರನ್ನು ಕೇಳಬೇಕು. ಎಲ್ಲರಿಗೂ ಆಗ್ತದೆ ಅಂತ ನಾನು ಹೇಳುವುದಿಲ್ಲ. ಹಾಗಾಗಿ ನನ್ನ ಬಟ್ಟೆ ಪ್ಯಾಡುಗಳೂ ಇನ್ನೂ ಇವೆ, ಕೊನೆಯ ದಿನಗಳಿಗೆ.

ಸರ್ಕಾರ 2022ರಲ್ಲಿ ನಮ್ಮ ಜಿಲ್ಲೆ ಮತ್ತು ಚಾಮರಾಜನಗರದಲ್ಲಿ ಮೈತ್ರಿ ಹೆಸರಿನಲ್ಲಿ ವಿದ್ಯಾರ್ಥಿನಿಯರಿಗೆ ಕಪ್ ಕೊಡುವ ಪ್ರಾಯೋಗಿಕ ಯೋಜನೆ ತಂದಿತು. ಒಳ್ಳೆಯ ಕೆಲಸ. ಆದರೆ ಕಪ್ ಕುದಿಸಲಿಕ್ಕೆ ಹಾಸ್ಟೆಲಿನಲ್ಲಿ ಒಂದು ಪಾತ್ರೆ ಬೇಕು, ತೊಳೆಯಲಿಕ್ಕೆ ಒಳಗೇ ನಳ್ಳಿ ಇರುವ, ಚಿಲಕ ಹಾಕಬಹುದಾದ ಕಕ್ಕಸು ಬೇಕು, ಬಟ್ಟೆಯಾದರೆ ಬಿಸಿಲಿನಲ್ಲಿ ಒಂದು ಹಗ್ಗ. ವಿದ್ಯಾರ್ಥಿ ಸಂಘಟನೆಯಲ್ಲಿರುವ ಗೆಳತಿಯರಿಗೆ ನಾನು ಹೇಳುವುದು ಇದನ್ನೇ: ಹಾಸ್ಟೆಲಿನ ಬೇಡಿಕೆ ಪಟ್ಟಿಯಲ್ಲಿ ಊಟ, ವೈಫೈ ಜೊತೆಗೆ ಹಗ್ಗ, ನಳ್ಳಿ, ಚಿಲಕ ಅಂತಲೂ ಬರೆಯಿರಿ, ಓದುವಾಗ ಗಟ್ಟಿಯಾಗಿ ಓದಿ. ಇದೆಲ್ಲ ಇಲ್ಲದೆ ಹುಡುಗಿಯರಿಗೆ ಬರೀ ಪರಿಸರದ ಪಾಠ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ನಾನು ಪಿಜಿಯಲ್ಲಿಲ್ಲ. ಮೂವರು ಗೆಳತಿಯರು ಸೇರಿ ಬಿಜೈ ಹತ್ತಿರ ಒಂದು ಸಣ್ಣ ಮನೆ ಮಾಡಿದ್ದೇವೆ, ಬಾಲ್ಕನಿ ಉಂಟು. ಕಳೆದ ಡಿಸೆಂಬರಿನಲ್ಲಿ ಅಮ್ಮ ಬಂದಿದ್ದಳು. ಹಗ್ಗದ ಮೇಲೆ ನನ್ನ ಬಟ್ಟೆ ಪ್ಯಾಡ್ ನೋಡಿ ಅದರ ಮೇಲೊಂದು ಟವೆಲ್ ಹಾಕಿದಳು. ನಾನು ತೆಗೆದೆ. ಸ್ವಲ್ಪ ಹೊತ್ತಿಗೆ ಟವೆಲ್ ಮತ್ತೆ ಬಂತು, ಮತ್ತೆ ತೆಗೆದೆ. ಇಬ್ಬರೂ ಏನೂ ಮಾತಾಡಲಿಲ್ಲ. ಸಂಜೆ ಒಣಗಿದ ಬಟ್ಟೆ ತಂದು ಮಡಚುವಾಗ ಅಮ್ಮ ಒಂದು ಪ್ಯಾಡನ್ನು ಕೈಯಲ್ಲಿ ಹಿಡಿದು, ಹೊಲಿಗೆ ತಿರುಗಿಸಿ ನೋಡಿ, ಬಟನ್ ಹಾಕಿ ತೆಗೆದು, ಇಂಥದ್ದು ಆಗಲೇ ಸಿಕ್ಕಿದ್ದರೆ ಅಂತ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದಳು. ಅವಳಿಗೆ ಮುಟ್ಟು ನಿಂತು ಮೂರು ವರ್ಷವಾಗಿದೆ. ತಂಗಿಗೆ ಎರಡು ಬೇಕಂತೆ, ಎಲ್ಲಿ ಸಿಗ್ತದೆ ಅಂತ ಕೇಳಿದಳು.