ಕೇರಿಗೆ ಹೋದ ಇಂಗ್ಲಿಷ್ ಮೇಷ್ಟ್ರು



ಲಾಫ್ಕಾಡಿಯೊ ಹರ್ನ್ 1850ರಲ್ಲಿ ಗ್ರೀಸಿನಲ್ಲಿ ಹುಟ್ಟಿದವರು. ಅಮೆರಿಕದಲ್ಲಿ ಪತ್ರಕರ್ತರಾಗಿದ್ದಾಗ, ಗುಲಾಮಗಿರಿಯಲ್ಲಿ ಹುಟ್ಟಿದ ಕಪ್ಪು ಹೆಣ್ಣನ್ನು ಮದುವೆಯಾಗಿ ಕೆಲಸ ಕಳೆದುಕೊಂಡರು. ಅಲ್ಲಿ ಬಣ್ಣ, ಇಲ್ಲಿ ಜಾತಿ. ಆ ಸಂಸಾರವೂ ಉಳಿಯಲಿಲ್ಲ.

1890ರಲ್ಲಿ ಜಪಾನಿನ ಮತ್ಸುಯೆ ಊರಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದರು. ಭಾಷೆ ಬಾರದು, ಚಳಿ ತಡೆಯದು. ಸೆತ್ಸು ಎಂಬಾಕೆಯನ್ನು ಮದುವೆಯಾಗಿ ಜಪಾನಿನವರೇ ಆದರು. 1904ರಲ್ಲಿ ಅಲ್ಲೇ ತೀರಿಕೊಂಡರು.

ನನ್ನನ್ನು ಹಿಡಿದದ್ದು 1891ರ ವಸಂತದ ಒಂದು ದಿನ. ಬುದ್ಧನ ಗುಡಿಗಳಿದ್ದ ಮತ್ಸುಯೆಯಲ್ಲೂ ಊರವರು ಕಾಲಿಡದ ಕೇರಿ ಇತ್ತು! ಮೇಷ್ಟ್ರು ಹೋದರು. ಕೊಳಕು ಇದ್ದೀತು ಅಂದುಕೊಂಡವರಿಗೆ ಚೊಕ್ಕ ಮನೆ, ತೋಟ ಕಂಡವು. ಹೆಂಗಸರ ಹಾಡು ಕೇಳಿದರು. ಮುಂದೆ ಬರೆಸಿ ಇಂಗ್ಲಿಷಿಗೆ ತಂದರು.

ನಮ್ಮವ್ವನಿಗೂ ರಾಶಿ ಹಾಡು ಬರುತ್ತಿದ್ದವು. ಕೇಳಲು ಯಾವ ಮೇಷ್ಟ್ರೂ ಬರಲಿಲ್ಲ. ಓದು ಕಲಿತ ನಾನೂ ಬರೆದಿಟ್ಟುಕೊಳ್ಳಲಿಲ್ಲ.