ಕೊಟ್ಟಿಗೆಯಲ್ಲಿ ಬೆಳೆದ ವೇಗ: ಬಾಬ್ ಫೆಲ್ಲರ್

ಬೇಸ್‌ಬಾಲ್ ನಮ್ಮ ನಾಡಿನಲ್ಲಿ ರೂಢಿಯಲ್ಲಿರುವ ಆಟವಲ್ಲ. ಕ್ರಿಕೆಟ್ಟಿನಲ್ಲಿ ಬೌಲರನಿರುವಂತೆ ಅದರಲ್ಲಿ ಪಿಚ್ಚರ್ ಎಂಬ ಎಸೆತಗಾರನಿರುತ್ತಾನೆ. ಆದರೆ ಅವನಿಗೆ ಓಡಿಬಂದು ಎಸೆಯುವ ಅವಕಾಶವಿಲ್ಲ. ನಿಂತ ಜಾಗದಿಂದ ಒಂದು ಕಾಲನ್ನು ಮೇಲೆತ್ತಿ, ಒಂದೇ ಒಂದು ಹೆಜ್ಜೆ ಮುಂದಿಟ್ಟು, 60 ಅಡಿ 6 ಅಂಗುಲ ದೂರದ ಗುರಿಗೆ ಚೆಂಡನ್ನು ಬೀಸಬೇಕು. ಬೌಲರನಿಗೆ ಓಟ ಕೊಡುವ ಬಲವನ್ನು ಇವನು ಆ ಒಂದು ಹೆಜ್ಜೆಯಿಂದಲೂ ಸೊಂಟದ ತಿರುವಿನಿಂದಲೂ ತೋಳಿನ ಬೀಸಿನಿಂದಲೂ ಪಡೆಯಬೇಕು. ಆದ್ದರಿಂದ ಈ ವಿದ್ಯೆಯನ್ನು ಕಲಿಯಲು ವಿಶಾಲವಾದ ಬಯಲೇ ಬೇಕೆಂದಿಲ್ಲ. ಎಸೆಯುವವನೊಬ್ಬ, ಹಿಡಿಯುವವನೊಬ್ಬ, ನಡುವೆ ಇಷ್ಟು ಜಾಗ ಇದ್ದರೆ ಸಾಕು. ಅಮೆರಿಕೆಯ ಒಬ್ಬ ರೈತನ ಮಗನಿಗೆ ಆ ಜಾಗ ದೊರೆತದ್ದು ದನದ ಕೊಟ್ಟಿಗೆಯಲ್ಲಿ.

ರಾಬರ್ಟ್ ಫೆಲ್ಲರ್ ಹುಟ್ಟಿದ್ದು 1918ನೆಯ ನವೆಂಬರ್ 3ರಂದು, ಅಯೋವಾ ಸಂಸ್ಥಾನದ ವ್ಯಾನ್ ಮೀಟರ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿ ಚಳಿಗಾಲವೆಂದರೆ ಹೊಲಗದ್ದೆಗಳೆಲ್ಲ ಹಿಮದ ಕೆಳಗೆ ಹೂತುಹೋಗುವ ಕಾಲ. ಆಟವಿರಲಿ, ಹೊರಗೆ ನಿಲ್ಲುವುದೇ ಕಷ್ಟ. ತಂದೆ ಬಿಲ್ ಫೆಲ್ಲರ್ ಕೊಟ್ಟಿಗೆಯೊಳಗೆ ದೀಪಗಳನ್ನು ಹಾಕಿಸಿ, ತಾನೇ ಎದುರಿಗೆ ಕುಳಿತು ಮಗನ ಚೆಂಡು ಹಿಡಿದನು. ಒಮ್ಮೆ ತಂದೆ ಬಾಗಿಬರುವ ಚೆಂಡನ್ನು ನಿರೀಕ್ಷಿಸುತ್ತಿರಲು, ಮಗ ಎಸೆದ ನೇರವಾದ ವೇಗದ ಚೆಂಡು ಬಡಿದು ಪಕ್ಕೆಲುಬೇ ಮುರಿಯಿತು. ಹಾಗಾದರೂ ಆತ ಅಭ್ಯಾಸವನ್ನು ನಿಲ್ಲಿಸಗೊಡಲಿಲ್ಲ.

ಇದಕ್ಕಿಂತ ದೊಡ್ಡದೆಂದು ನನಗೆ ತೋರುವ ಸಂಗತಿ ಇನ್ನೊಂದುಂಟು. ಮಗನ ಆಟಕ್ಕೆ ಹೆಚ್ಚು ಹೊತ್ತು ಸಿಗಲೆಂದು ಆ ತಂದೆ ಮೆಕ್ಕೆಜೋಳವನ್ನು ಬಿಟ್ಟು, ಕಡಿಮೆ ಆಳುಕೆಲಸ ಬೇಡುವ ಗೋಧಿಯನ್ನು ಬಿತ್ತತೊಡಗಿದನು. ಬೆಳೆ ಬದಲಾಯಿಸುವುದೆಂದರೆ ಏನೆಂಬುದು ಬೇಸಾಯದ ಮನೆಯಿಂದ ಕಾಲೇಜಿಗೆ ಬಂದ ನಮ್ಮಂಥವರಿಗೆ ತಿಳಿಯದ್ದಲ್ಲ. ಆಮೇಲೆ ಹೊಲದ ಒಂದು ಭಾಗವನ್ನೇ ಸಮಮಾಡಿ ಆಟದ ಬಯಲನ್ನೂ ಮಾಡಿದನು. ಹುಡುಗನೇನೂ ಕೆಲಸದಿಂದ ತಪ್ಪಿಸಿಕೊಳ್ಳಲಿಲ್ಲ. ಹಾಲು ಕರೆಯುವುದು, ಹುಲ್ಲು ಎತ್ತಿಹಾಕುವುದು, ನೀರು ಹೊರುವುದು ಇವೆಲ್ಲ ಇದ್ದೇ ಇದ್ದವು. ತನ್ನ ಮೈಕಟ್ಟು ಬೆಳೆದದ್ದು ಇವುಗಳಿಂದಲೇ ಎಂದು ಆತ ಕಡೆಯವರೆಗೂ ನಂಬಿದ್ದನು.

1936ರಲ್ಲಿ ಕ್ಲೀವ್‌ಲೆಂಡ್ ತಂಡ ಆತನನ್ನು ಸೇರಿಸಿಕೊಂಡಿತು. ಕರಾರಿನ ಹಣ ಒಂದು ಡಾಲರ್, ಜೊತೆಗೆ ಆಟಗಾರರ ರುಜುವಿದ್ದ ಒಂದು ಚೆಂಡು! ಆಗಸ್ಟ್ 23ರಂದು, ಇನ್ನೂ ಹದಿನೇಳು ತುಂಬಿದ್ದ ಆತ ಮೊದಲ ಸಲ ಪಂದ್ಯವನ್ನಾರಂಭಿಸುವ ಎಸೆತಗಾರನಾಗಿ ನಿಂತು, ಸೇಂಟ್ ಲೂಯಿಸ್ ತಂಡದ ವಿರುದ್ಧ ಹದಿನೈದು ಬಾರಿ ದಾಂಡಿಗರನ್ನು ಸ್ಟ್ರೈಕ್ ಔಟ್ ಮಾಡಿದನು. ಎಂದರೆ ಒಬ್ಬೊಬ್ಬನೂ ಮೂರು ಸಲ ತಪ್ಪಿ ಹಿಂದಿರುಗಿದನು. ಸೆಪ್ಟೆಂಬರಿನಲ್ಲಿ ಇನ್ನೊಂದು ಪಂದ್ಯದಲ್ಲಿ ಹದಿನೇಳು. ದೇಶವೆಲ್ಲ ಹೆಸರು ಹೇಳುತ್ತಿರುವಾಗಲೇ ಹುಡುಗ ಊರಿಗೆ ಮರಳಿ ಹೈಸ್ಕೂಲಿನ ಕೊನೆಯ ತರಗತಿಯಲ್ಲಿ ಕುಳಿತನು. 1937ರಲ್ಲಿ ಆ ಹಳ್ಳಿಯ ಶಾಲೆಯ ಪದವಿದಾನ ಸಮಾರಂಭವನ್ನು ರೇಡಿಯೋದಲ್ಲಿ ದೇಶಕ್ಕೆಲ್ಲ ಕೇಳಿಸಿದರು.

ಅದೇ ವರ್ಷ ಮೊಣಕೈಗೆ ಪೆಟ್ಟಾಗಿ ಅನೇಕ ವಾರ ಆಡಲಾಗಲಿಲ್ಲ. ವೇಗಕ್ಕೆ ಬೆಲೆ ತೆರುವುದು ಕೀಲುಗಳೇ. ಇಂದು ಅಮೆರಿಕೆಯಲ್ಲಿ ಎಳೆಯ ಹುಡುಗರು ದಿನಕ್ಕೆ ಇಷ್ಟೇ ಎಸೆಯಬೇಕು, ಇಷ್ಟು ದಿನ ವಿರಾಮ ಪಡೆಯಬೇಕು ಎಂದು ವಯಸ್ಸಿಗೆ ತಕ್ಕಂತೆ ಮಿತಿ ಸೂಚಿಸಿದ್ದಾರೆ. ಕೊಟ್ಟಿಗೆಯ ಕಥೆ ಕೇಳಿ ಹುರುಪುಗೊಂಡವರು ಇದನ್ನೂ ನೆನಪಿನಲ್ಲಿಡುವುದು ಒಳ್ಳೆಯದು.

1941ರ ಡಿಸೆಂಬರ್ 7ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ಬಾಂಬು ಹಾಕಿತು. ತಂದೆ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದುದರಿಂದ ಫೆಲ್ಲರನಿಗೆ ಸೈನ್ಯಸೇವೆಯಿಂದ ವಿನಾಯಿತಿ ಇತ್ತು. ಅದನ್ನು ಬಳಸಿಕೊಳ್ಳದೆ ಎರಡು ದಿನದೊಳಗೆ ನೌಕಾಪಡೆಗೆ ಸೇರಿದನು. ಮನೆಯಲ್ಲಿ ಮಲಗಿದ್ದ ತಂದೆಯನ್ನು ಬಿಟ್ಟುಹೋದದ್ದು ಸರಿಯೇ ಎಂದು ನಾವು ಸ್ನೇಹಿತರು ವಾದಿಸಿದ್ದೇವೆ, ಒಮ್ಮತಕ್ಕೆ ಬಂದಿಲ್ಲ. ಅಲಬಾಮಾ ಎಂಬ ಯುದ್ಧನೌಕೆಯಲ್ಲಿ ವಿಮಾನಗಳನ್ನು ಹೊಡೆಯುವ ಫಿರಂಗಿಯೊಂದರ ಹೊಣೆ ಆತನದು. ಅಲ್ಲಿಯೂ ಜಾಗದ ಕೊರತೆಯೇ. ಬಿಡುವು ಸಿಕ್ಕಾಗ ಡೆಕ್ಕಿನ ಮೇಲೆ ಸುತ್ತು ಓಡಿ, ಜೊತೆಯ ನಾವಿಕನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು ಚೆಂಡೆಸೆದು ತೋಳನ್ನು ಕಾಪಾಡಿಕೊಂಡನು. ಕೊಟ್ಟಿಗೆಯಲ್ಲಿ ಪಳಗಿದವನಿಗೆ ಡೆಕ್ಕು ಇಕ್ಕಟ್ಟೆನಿಸಿರಲಾರದು.

ಯುದ್ಧದಲ್ಲಿ ಸುಮಾರು ನಾಲ್ಕು ಋತುಗಳು ಕಳೆದುಹೋದವು. 1945ರ ಆಗಸ್ಟಿನಲ್ಲಿ ಮರಳಿ ಕಣಕ್ಕಿಳಿದನು. ಮರುವರ್ಷ 26 ಪಂದ್ಯ ಗೆದ್ದು, 348 ಸ್ಟ್ರೈಕ್ ಔಟ್ ಪಡೆದನು. ವಾಷಿಂಗ್ಟನ್ನಿನ ಮೈದಾನದಲ್ಲಿ ಸೈನ್ಯದ ಯಂತ್ರವೊಂದರಿಂದ ಅಳೆದಾಗ ಆತನ ಚೆಂಡು ಗಂಟೆಗೆ 98.6 ಮೈಲಿ ವೇಗದಲ್ಲಿ ಬಂದಿತು. ಮುಂದೆ 1956ರವರೆಗೆ ಆಡಿ, ಒಟ್ಟು 266 ಜಯಗಳನ್ನು ಪಡೆದು, 1962ರಲ್ಲಿ ಆ ಆಟದ ಕೀರ್ತಿಭವನಕ್ಕೆ ಆಯ್ಕೆಯಾಗಿ, 2010ರಲ್ಲಿ ತೊಂಬತ್ತೆರಡರ ವಯಸ್ಸಿನಲ್ಲಿ ತೀರಿಕೊಂಡನು.

1946ರ ಆ ವೇಗವನ್ನು ಕಾಣಲು ಕೊಟ್ಟಿಗೆಯಲ್ಲಿ ಎದುರಿಗೆ ಕುಳಿತಿದ್ದವನು ಮಾತ್ರ ಇರಲಿಲ್ಲ. ಬಿಲ್ ಫೆಲ್ಲರ್ 1943ರ ಜನವರಿಯಲ್ಲಿಯೇ, ಮಗ ನೌಕಾಪಡೆಯಲ್ಲಿದ್ದಾಗ, ಕಣ್ಣುಮುಚ್ಚಿದ್ದನು.